ರುಬ್ಬುವ ಕೋಣೆಯ ಹಾರುವ ತಟ್ಟೆಗಳು

ಹೋದ ವಾರ ನಮ್ಮ ಹೋಟೆಲಿನ ಪಕ್ಕದ ಮೊಬೈಲ್ ಅಂಗಡಿಯವರು ಶಟರಿಗೆ ಬಣ್ಣ ಹೊಡೆಸಿದರು. ಅದೇ ಹೊತ್ತಿಗೆ ನಮ್ಮ ರುಬ್ಬುವ ಕೋಣೆಯಲ್ಲಿ ಇಡ್ಲಿ ಹಿಟ್ಟು ಉಬ್ಬಿ ಪಾತ್ರೆಯ ಅಂಚು ದಾಟಿತ್ತು. ಹೊರಗೆ ಮಳೆ. ಹುಳಿ ಬಂದ ಹಿಟ್ಟಿನ ವಾಸನೆಯೂ ಟರ್ಪಂಟೈನ್ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಗಲ್ಲಾದಲ್ಲಿ ಕುಳಿತಿದ್ದ ನಾನು ಗಿರಾಕಿಗೆ ಚಿಲ್ಲರೆ ಕೊಡುವುದನ್ನೇ ಮರೆತೆ. "ತಾಈ, ಲಕ್ಷ ಕುಠೆ ಆಹೇ?" ಎಂದು ಆತ ಮರಾಠಿಯಲ್ಲಿ ಕೇಳಿ ನಕ್ಕ. ಲಕ್ಷ್ಯ ಎಲ್ಲಿಗೆ ಹೋಗಿತ್ತೆಂದು ಅವನಿಗೆ ಹೇಳಿದರೆ ಅರ್ಥವಾಗುವಂತಿರಲಿಲ್ಲ. ಅದು ಒಂದು ಮಳೆಗಾಲಕ್ಕೆ ಹೋಗಿತ್ತು. ನಮ್ಮ ರುಬ್ಬುವ ಕೋಣೆಯಿಂದ ಹಾರುವ ತಟ್ಟೆಗಳು ಹೊರಟು ಯಾವ್ಯಾವುದೋ ದೇಶದವರ ಫೋನಿಗೆ ಹೋಗಿ ಇಳಿದ ಮಳೆಗಾಲ ಅದು.

ಎರಡನೇ ಲಾಕ್‌ಡೌನ್ ಆಗಷ್ಟೇ ಸಡಿಲವಾಗಿತ್ತು. ಪುಣೆಯ ಪಿಂಪ್ರಿ ಸ್ಟೇಷನ್ನಿನ ಹತ್ತಿರದ 'ಚಂದ್ರಿಕಾ' ಹೋಟೆಲನ್ನು ಕಟ್ಟಿದ್ದು ಕುಂದಾಪುರದ ಕಡೆಯಿಂದ ಬರಿಗೈಯಲ್ಲಿ ಬಂದ ನಮ್ಮಪ್ಪ. ಅಪ್ಪ ಹೋದ ಮೇಲೆ ಗಲ್ಲಾ ನನ್ನ ಪಾಲಿಗೆ, ಅಡುಗೆಮನೆ ತಮ್ಮ ಹರೀಶನ ಪಾಲಿಗೆ ಬಂತು. ಆಗ ಪಾರ್ಸೆಲ್ ಮಾತ್ರ ಕೊಡಬೇಕು, ನಾಲ್ಕು ಗಂಟೆಗೆ ಶಟರ್ ಎಳೆಯಬೇಕು ಎಂಬ ಕಟ್ಟಪ್ಪಣೆ. ಹೋಟೆಲಿನಲ್ಲೇ ಹುಟ್ಟಿ ಬೆಳೆದವರಿಗೆ ಸಂಜೆ ಎಂದರೆ ದೋಸೆಯ ಆರ್ಡರುಗಳು, ಅಷ್ಟೆ. ಅಂಥ ನಮಗೆ ದಿನಕ್ಕೊಂದು ಖಾಲಿ ಸಂಜೆ ಸಿಕ್ಕಿದ್ದೇ ಕೈಕಾಲು ಆಡದಂತಾಯಿತು. ಹರೀಶ ತನ್ನ ಸಂಜೆಗಳನ್ನೆಲ್ಲ ಫೋನಿಗೆ ಕೊಟ್ಟ. ನಾನು ಹೋಟೆಲಿನಲ್ಲಿ ಏನೇನು ಹಳತಾಗಿದೆ ಎಂದು ಹುಡುಕುತ್ತ ಓಡಾಡಿದೆ. ಎಲ್ಲಕ್ಕಿಂತ ಹಳತಾಗಿದ್ದದ್ದು ಗೋಡೆಯ ಮೇಲಿನ ದರಪಟ್ಟಿ. ನಾಲ್ಕಡಿ ಉದ್ದದ ದಪ್ಪ ತಗಡು. ಅದಕ್ಕೆ ಹೊಸ ಬಣ್ಣ ಹೊಡೆಸೋಣವೆಂದು ಹೋಟೆಲಿನ ಹಿಂದಿನ ಸಾಲುಮನೆಗಳ ಚಾಳಿನಲ್ಲಿದ್ದ ಮಾನಪ್ಪನವರನ್ನು ಕರೆಸಿದೆ.

ಮಾನಪ್ಪನವರಿಗೆ ಆಗ ಅರವತ್ತರ ಹತ್ತಿರ. ಯಾದಗಿರಿಯ ಕಡೆಯವರು. ಅವರ ಅಪ್ಪ ಅವ್ವ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದಾಗ ಇವರು ಅವ್ವನ ಸೊಂಟದ ಮೇಲಿದ್ದರಂತೆ. ಶಾಲೆಯ ಮುಖ ಕಂಡವರಲ್ಲ. ಸಿನಿಮಾ ಬೋರ್ಡು ಬರೆಯುವ ಉಸ್ತಾದರೊಬ್ಬರ ಬಳಿ ಬ್ರಷ್ ತೊಳೆಯಲು ಸೇರಿ, ಕೊನೆಗೆ ಮೂವತ್ತಡಿ ಎತ್ತರದ ನಾಯಕರ ಮುಖಗಳನ್ನು ಬರೆಯುವವರೆಗೂ ಬೆಳೆದವರು. ಫ್ಲೆಕ್ಸ್ ಬಂತು, ಆ ಕಸುಬು ಹೋಯಿತು. ಆಮೇಲೆ ಟೆಂಪೋಗಳ ಹಿಂಭಾಗ, ಅಂಗಡಿ ಬೋರ್ಡು, ನಂಬರ್ ಪ್ಲೇಟು. ಲಾಕ್‌ಡೌನಿನಲ್ಲಿ ಅದೂ ಇಲ್ಲ.

ಮಳೆಯ ತಂಪಿಗೆ ಬಣ್ಣ ಒಣಗದೆ ಸತಾಯಿಸಿತು. ದರಪಟ್ಟಿಯ ಬಣ್ಣ ಒಣಗುವವರೆಗೆ ಸುಮ್ಮನೆ ಕೂರಲಾರದೆ ಅವರು ಹಿತ್ತಿಲಲ್ಲಿ ಬಿದ್ದಿದ್ದ ಅಷ್ಟೇ ಅಗಲದ ಇನ್ನೊಂದು ತಗಡನ್ನು ಒರೆಸಿ, ರುಬ್ಬುವ ಕೋಣೆಯ ಗೋಡೆಗೆ ಆನಿಸಿ ಏನೋ ಗೀಚತೊಡಗಿದರು. ಚಹಾ ಕೊಡಲು ಹೋದ ನಾನು ಲೋಟ ಹಿಡಿದುಕೊಂಡೇ ನಿಂತುಬಿಟ್ಟೆ. ಪಿಂಪ್ರಿ ಸ್ಟೇಷನ್ನಿನ ಮೇಲೆ ಒಂದು ಹಾರುವ ತಟ್ಟೆ. ತಟ್ಟೆ ಎಂದರೆ ನಮ್ಮದೇ ಇಡ್ಲಿ ತಟ್ಟೆ, ಕುಳಿಗಳ ಸಮೇತ. ಒಂದೊಂದು ಕುಳಿಯಿಂದ ಒಂದೊಂದು ಹಸಿರು ಜೀವಿ ಇಣುಕಿ ಲೋಕಲ್ ರೈಲಿಗೆ ಕಾಯುತ್ತಿತ್ತು.

"ಇದೆಂತ ಮಾನಪ್ಪಣ್ಣ?" ಎಂದೆ.

"ಇಂಗ್ಲಿಷ್ ಪಿಚ್ಚರಿನ ಬೋರ್ಡು ಭಾಳ ಮಾಡೀನ್ರಿ ಅಕ್ಕಾರ. ಹಾರೋ ತಟ್ಟಿ, ಕಬ್ಬಿಣದ ಮನಷ್ಯಾ, ಊರು ತುಳಿಯೋ ಹಲ್ಲಿ. ಕೈಗೆ ಕುಂತಾವ್ರಿ ಅವು."

"ಅಷ್ಟೂ ಸಿನಿಮಾ ಕಂಡಿದ್ದೀರಾ?"

"ಒಂದೂ ನೋಡಿಲ್ರಿ. ಪಿಚ್ಚರ್ ಬರೂದಕ್ಕ ಮೊದಲ ಬೋರ್ಡ್ ಆಗಬೇಕಲ್ರಿ? ಪಿಚ್ಚರ್ ಬಂದ ದಿನ ನಾವು ಮುಂದಿನ ಬೋರ್ಡಿನ ಮ್ಯಾಲ ಇರ್ತಿದ್ವಿ. ಟಾಕೀಸಿನವ್ರು ಅಂಗೈ ಅಗಲದ ಫೋಟೋ ಕೊಡ್ತಿದ್ರು. ಅದಕ್ಕ ಚೌಕ ಹಾಕಿ ದೊಡ್ಡದು ಮಾಡೂದು. ಕತಿ ಏನದ ಅಂತ ನಾವs ತಿಳ್ಕೊಳ್ಳೋದು."

ನನಗೆ ಕುತೂಹಲ ಕೆರಳಿತು. ಒಂದೂ ಸಿನಿಮಾ ನೋಡದೆ ಅವರು ತಿಳಿದುಕೊಂಡ ಕಥೆಗಳೇನು? ಅಂದಿನಿಂದ ದಿನಾ ಸಂಜೆ ಅದೇ ನನ್ನ ಟೀವಿ. ಒಂದು ದೈತ್ಯಪ್ರಾಣಿ ಮೂರ್ಛೆ ಹೋದ ಹುಡುಗಿಯನ್ನು ಎತ್ತಿಕೊಂಡು ನಡೆಯುವ ಚಿತ್ರ ಅಂಥ ಎಷ್ಟೋ ಬೋರ್ಡುಗಳಲ್ಲಿ ಬರುತ್ತಿತ್ತಂತೆ. ಲೋಕವೆಲ್ಲ ಅದನ್ನು ಅಪಹರಣ ಎಂದು ತಿಳಿದಿದ್ದರೆ ಮಾನಪ್ಪನವರ ಲೆಕ್ಕ ಬೇರೆ. "ಮಗಳಿಗೆ ಜ್ವರ ಬಂದಾವ್ರಿ. ದವಾಖಾನಿಗೆ ಹೊಂಟಾನ. ಮುಖ ಹಂಗದ ಅಂತ ಯಾರೂ ಗಾಡಿ ನಿಂದ್ರಿಸವಲ್ರು." ಬಾಗಿಲು ತೆಗೆಯದೆ ಕೆಂಪು ಕಣ್ಣು ಬಿಟ್ಟು ಕುಳಿತ ಯಂತ್ರ ಅವರ ಪ್ರಕಾರ ಕೆಟ್ಟದ್ದಲ್ಲ, ಹೊಸದಾಗಿ ಕೆಲಸಕ್ಕೆ ಸೇರಿದ ಅಪಾರ್ಟ್‌ಮೆಂಟ್ ಸೊಸೈಟಿಯ ವಾಚ್‌ಮನ್: "ರಜಿಸ್ಟರ್‌ನಾಗ ಹೆಸರು ಬರೀಲಾರದೆ ಹ್ಯಾಂಗ ಒಳಗ ಬಿಡ್ತಾನ್ರಿ ಅಂವಾ?" ನಾನು ನಕ್ಕು ನಕ್ಕು ಹಿಟ್ಟಿನ ಡಬ್ಬದ ಮೇಲೆ ಕುಳಿತೆ. ನಕ್ಕ ಮೇಲೆ, ಇವರು ಹೇಳುವುದೇ ಸರಿಯಿರಬಹುದೇನೋ ಅನ್ನಿಸುತ್ತಿತ್ತು.

ಹರೀಶನ ತಲೆಯಲ್ಲಿ ಆಗ ಬೇರೆಯದೇ ಹುಳ ಕೊರೆಯುತ್ತಿತ್ತು. ಡಿಜಿಟಲ್ ಸಂಗ್ರಹ ಎಂಬ ಹುಚ್ಚು ಶುರುವಾಗಿತ್ತು. ಟೋಪಿ ಹಾಕಿದ ಮಂಗನ ಚಿತ್ರ, ಹಲ್ಲು ಕಿರಿದ ಬೆಕ್ಕಿನ ಚಿತ್ರ, ಇಂಥವನ್ನೆಲ್ಲ ಜನ ಕಂಪ್ಯೂಟರಿನಲ್ಲೇ ಹರಾಜು ಕೂಗಿ ಕೊಳ್ಳುತ್ತಿದ್ದರು. ಕೊಂಡವರಿಗೆ ಕೈಗೆ ಏನೂ ಸಿಗುವುದಿಲ್ಲ. ಈ ಚಿತ್ರ ಇಂಥವರದ್ದು ಎಂಬ ಒಂದು ಟೋಕನ್ ಸಿಗುತ್ತದೆ. ನಾವು ದೋಸೆಗೆ ಟೋಕನ್ ಕೊಡುವವರು, ದೋಸೆಯೇ ಇಲ್ಲದ ಟೋಕನ್ ನನಗೆ ತಲೆಗೆ ಹೋಗಲಿಲ್ಲ. ಆದರೆ ಇಡ್ಲಿ ತಟ್ಟೆಯ ಚಿತ್ರ ನೋಡಿದ ಹರೀಶ ಕೂತಲ್ಲಿ ಕೂರಲಿಲ್ಲ.

"ಅಕ್ಕ, ಇಲ್ಕಾಣ್. ಹಳೇ ಸಿನಿಮಾ ಪೋಸ್ಟರಿನ ತಮಾಷೆ, ಅದೂ ಕೈಯಲ್ಲಿ ಬರ್ದದ್ದ್. ಪ್ರಪಂಚದಲ್ಲಿ ಯಾರ ಹತ್ರವೂ ಇಲ್ಲೆ!"

ಮಾನಪ್ಪನವರು ಬ್ರಷ್ ಕಿವಿಗೆ ಸಿಕ್ಕಿಸಿಕೊಂಡು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿದರು. ಆಮೇಲೆ ಒಂದೊಂದೇ ಪ್ರಶ್ನೆ. "ತಗೊಂಡವ್ರು ಎಲ್ಲಿ ತೂಗಹಾಕ್ತಾರ್ರಿ?" ಫೋನಿನಲ್ಲಿ. "ಅದs ಚಿತ್ರ ನಿಮ್ಮ ಫೋನ್‌ನಾಗೂ ಅದ ಅಲ್ರಿ?" ಇದೆ, ಆದರೆ ಅದು ನಮ್ಮದಲ್ಲ. "ನಮ್ಮ ಫೋನ್‌ನಾಗ ಇದ್ದದ್ದು ನಮ್ಮದಲ್ಲ?" ಅಲ್ಲ. ಅದಕ್ಕೆ ಅವರು, "ಹಂಗಾರ ಇದೂ ಒಂದ್ ಇಂಗ್ಲಿಷ್ ಪಿಚ್ಚರಿನಂಗ ಅದ ಬಿಡ್ರಿ" ಎಂದರು. ಕೊನೆಗೆ ಹರೀಶ, ಚಿತ್ರ ಬರೆದವರ ಹೆಸರೂ ಅದರಲ್ಲಿ ಸೇರಿರುತ್ತದೆ, ಒಮ್ಮೆ ಮುದ್ರೆ ಒತ್ತಿದರೆ ಯಾರಪ್ಪನಿಂದಲೂ ಅದನ್ನು ಅಳಿಸಲಾಗದು ಎಂದ. ಮಾನಪ್ಪನವರು ಕಿವಿಯಿಂದ ಬ್ರಷ್ ತೆಗೆದರು.

"ಅಳಸ್ಲಾಕ ಬರಲ್ಲೇನ್ರಿ?"

"ಬರೂದಿಲ್ಲೆ."

"ನಾವು ಸತ್ತ ಮ್ಯಾಲೂ?"

"ಆಗಲೂ."

ಆಗ ಅವರು ಹೇಳಿದ್ದು ನನಗೆ ಇಂದಿಗೂ ಅಕ್ಷರಶಃ ನೆನಪಿದೆ. ಅಷ್ಟು ವರ್ಷ ಬೋರ್ಡು ಬರೆದರೂ ಕೆಳಗಿನ ಮೂಲೆಯಲ್ಲಿ ಬರುತ್ತಿದ್ದದ್ದು ಉಸ್ತಾದರ ಹೆಸರು. "ಅದು ರಿವಾಜು. ತಪ್ಪಿಲ್ಲ. ಆದ್ರ ಒಂದs ಒಂದ್ ಸಲ ನನ್ನ ಹೆಸರು ಎಲ್ಲರೆ ಇರ್ಬೇಕು ಅಂತ ಭಾಳ ಆಸಿ ಅದ್ರಿ ಅಕ್ಕಾರ." ಅಷ್ಟು ಹೇಳಿ ತಮಗೇ ನಾಚಿಕೆಯಾದವರಂತೆ ತಗಡಿನ ಕಡೆ ತಿರುಗಿಕೊಂಡರು.

ಹೋಟೆಲಿನ ಕಾಗದಪತ್ರ ತುಂಬುವುದು ಯಾವತ್ತೂ ನನ್ನ ಕೆಲಸ. ಹರೀಶ ಚಿತ್ರದ ಫೋಟೋ ತೆಗೆದು, ಹರಾಜಿನವರ ಅರ್ಜಿ ತೆರೆದು, ಫೋನನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದ. ನಾನು ಕನ್ನಡಕ ಏರಿಸಿ, ಕೇಳಿದ್ದನ್ನೆಲ್ಲ ತುಂಬಿ, ಒತ್ತು ಎಂದಲ್ಲಿ ಒತ್ತಿದೆ.

ಆಮೇಲಿನ ಒಂದೂವರೆ ತಿಂಗಳು ನಮ್ಮ ರುಬ್ಬುವ ಕೋಣೆ ಬ್ರಹ್ಮಾಂಡವಾಯಿತು. ಕಥೆ ಮೂವರೂ ಸೇರಿ ಕಟ್ಟುವುದು, ಬರೆಯುವುದು ಮಾನಪ್ಪನವರು. ಹಾರುವ ತಟ್ಟೆ ಮಾರ್ಕೆಟ್ ಯಾರ್ಡಿನ ಈರುಳ್ಳಿ ರಾಶಿಯ ಮೇಲೆ ಇಳಿಯಿತು. ಬೇರೆ ಲೋಕದವರು ಭೂಮಿಯನ್ನೇ ಕೊಳ್ಳುತ್ತೇವೆಂದು ಟೋಕನ್ ತೋರಿಸಿದರೆ, ವ್ಯಾಪಾರಿ "ಮೊದಲು ಗಾಡಿ ತೆಗಿ, ಹಿಂದೆ ಲಾರಿ ನಿಂತಿದೆ" ಎನ್ನುತ್ತಿದ್ದ. ಕಾಲಯಂತ್ರ ಒಂದು ಆಟೋರಿಕ್ಷಾ ಆಯಿತು. ನಿನ್ನೆಗೆ ಹೋಗಬೇಕೆಂದವನಿಗೆ ಡ್ರೈವರು, ಅಲ್ಲಿಂದ ಬರುವಾಗ ಸವಾರಿ ಸಿಗುವುದಿಲ್ಲ, ಹಾಫ್ ರಿಟರ್ನ್ ಎಂದು ಅರ್ಧ ಬಾಡಿಗೆ ಹೆಚ್ಚು ಕೊಡಬೇಕು ಎನ್ನುತ್ತಿದ್ದ. ಇನ್ನೊಂದರಲ್ಲಿ ಮಂಗಳ ಗ್ರಹದ ದಂಡು ಪುಣೆಯ ಹಳೇ ಪೇಟೆಯ ಮೇಲೆ ದಾಳಿಗೆ ಬಂತು. ಬಂದದ್ದು ಮಧ್ಯಾಹ್ನ ಎರಡಕ್ಕೆ. ಅಲ್ಲಿ ಒಂದು ಗಂಟೆಯಿಂದ ನಾಲ್ಕರವರೆಗೆ ಅಂಗಡಿಗಳೆಲ್ಲ ಬಂದ್, ಪೇಟೆಗೆ ಪೇಟೆಯೇ ಮಧ್ಯಾಹ್ನದ ನಿದ್ದೆಯಲ್ಲಿ. ಹೆದರಲು ಒಬ್ಬ ನರಪಿಳ್ಳೆಯೂ ಇಲ್ಲದೆ ದಂಡು ಮೆಟ್ಟಿಲ ಮೇಲೆ ಕುಳಿತು ಆಕಳಿಸುತ್ತಿತ್ತು. ಪ್ರತಿ ಚಿತ್ರದಲ್ಲೂ ಮೂಲೆಯಲ್ಲಿ ಒಂದು ಹಸಿರು ಜೀವಿ ಫೋನ್ ಹಿಡಿದು, ಪ್ರಳಯವಾಗುತ್ತಿದ್ದರೂ ಲೆಕ್ಕಿಸದೆ, ಆ ಪ್ರಳಯದ ಟೋಕನ್ನನ್ನು ಹರಾಜಿಗೆ ಇಡುತ್ತಿತ್ತು. ಅದು ಹರೀಶನ ಮೇಲೆ ಮಾನಪ್ಪನವರು ಮಾಡಿದ ತಮಾಷೆ. ಹರೀಶನಿಗೆ ಅದು ತಿಳಿಯಲು ಮೂರು ಚಿತ್ರ ಬೇಕಾದವು.

ಮೊದಲ ಚಿತ್ರ ಫೋನಿಗೇರಿದ ಮರುದಿನ ಹೋಗಿ ನೋಡುತ್ತೇನೆ, ತಗಡು ಬೆಳ್ಳಗಿದೆ.

"ಇಡ್ಲಿ ತಟ್ಟೆ ಎಲ್ಲಿ ಹೋಯ್ತು ಮಾನಪ್ಪಣ್ಣ?"

"ಫೋಟೋ ತಗದ್ರಲ್ರಿ? ಬಿಳೀದು ಹೊಡದೆ. ಪಿಚ್ಚರ್ ಹೋದ ಮ್ಯಾಲ ಬೋರ್ಡ್ ಇಟ್ಕೊಂಡು ಕೂಡ್ತಾರೇನ್ರಿ? ಮುಂದಿಂದು ಬರೀಬೇಕಲ್ಲ."

ಬೋರ್ಡಿನವರ ಪದ್ಧತಿಯೇ ಅದು. ಒಂದು ಸಿನಿಮಾ ಹೋದರೆ ಅದೇ ತಗಡಿಗೆ ಬಿಳಿ ಬಳಿದು ಮುಂದಿನದನ್ನು ಬರೆಯುವುದು. ಹೊಸ ತಗಡು ತರಿಸುತ್ತೇನೆ ಎಂದರೂ ಅವರು ಒಪ್ಪಲಿಲ್ಲ. "ನನ್ನ ಹೆಸರು ಅಲ್ಲಿ ಗಟ್ಟಿ ಕುಂತದ ಅಲ್ರಿ? ಇಲ್ಲಿ ತಗಡು ಕಾಯ್ಕೊಂಡ್ ಏನ್ ಮಾಡೂದದ." ಹರೀಶನಂತೂ ಕುಣಿದಾಡಿದ. ಕೈಯಲ್ಲಿ ಬರೆದದ್ದೂ ಉಳಿಯಲಿಲ್ಲ ಎಂದರೆ ಟೋಕನ್ನಿನ ಬೆಲೆ ಇನ್ನೂ ಹೆಚ್ಚು ಎಂಬುದು ಅವನ ವಾದ. ನನಗೆ ಒಳಗೊಳಗೇ ಕಸಿವಿಸಿ. ಹೀಗೆ ಏಳು ಚಿತ್ರಗಳು ಬಂದವು, ಏಳೂ ಒಂದರ ಕೆಳಗೊಂದು ಮುಚ್ಚಿಹೋದವು. ಆಶ್ಚರ್ಯವೆಂದರೆ ಏಳೂ ಬಿಕರಿಯಾದವು. ಯಾರು ಕೊಂಡರು, ಯಾಕೆ ಕೊಂಡರು, ನನಗೆ ಈಗಲೂ ಗೊತ್ತಿಲ್ಲ. ಮಾನಪ್ಪನವರ ಮನೆಗೆ ಅಕ್ಕಿ ಬೇಳೆ ಬಂತು, ನಮ್ಮ ಗ್ರೈಂಡರಿಗೆ ಹೊಸ ಮೋಟಾರು ಬಂತು.

ಗಣಪತಿ ಹಬ್ಬ ಹತ್ತಿರ ಬರುತ್ತಿದ್ದಾಗ ಒಂದು ಬೆಳಿಗ್ಗೆ ಹರೀಶ ಫೋನ್ ಹಿಡಿದು ನಗುತ್ತ ಬಂದ. ಕಾಲಯಂತ್ರದ ಆಟೋ ಕೊಂಡವರು ಯಾವುದೋ ಚಳಿದೇಶದಿಂದ ಕಾಗದ ಬರೆದಿದ್ದರು. "ಪ್ರೀತಿಯ ಚಂದ್ರಿಕಾ ಅವರೇ, ನಿಮ್ಮ ರಾಕ್ಷಸರ ಕಣ್ಣುಗಳಲ್ಲಿ ಒಬ್ಬ ಹೆಣ್ಣಿಗೆ ಮಾತ್ರ ಸಾಧ್ಯವಾಗುವ ಕರುಣೆ ಇದೆ" ಎಂದು ಹರೀಶ ಕನ್ನಡ ಮಾಡಿ ಓದಿದ. ನಾನೂ ನಕ್ಕೆ. ಓದುತ್ತ ಓದುತ್ತ ಅವನ ನಗು ನಿಂತಿತು.

"ಅಕ್ಕ, ಅವತ್ತು ಬರೆದವರ ಹೆಸರು ಅಂತ ಕೇಳಿದಲ್ಲಿ ಎಂತ ತುಂಬಿದ್ದೆ?"

ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಯಾವ ಅರ್ಜಿ ಬಂದರೂ ಹೆಸರು ಎಂದಿದ್ದಲ್ಲಿ ಹೋಟೆಲಿನ ಹೆಸರು ಬರೆಯುವುದೇ ರೂಢಿ. ಗ್ಯಾಸು, ಹಾಲು, ಫೋನು, ಕರೆಂಟು ಎಲ್ಲವೂ ಚಂದ್ರಿಕಾ. ನನ್ನ ಮದುವೆಯ ಆಮಂತ್ರಣದಲ್ಲೂ ಅಪ್ಪ ತನ್ನ ಹೆಸರಿಗಿಂತ ದೊಡ್ಡದಾಗಿ ಹೋಟೆಲಿನ ಹೆಸರು ಹಾಕಿಸಿದ್ದರು. ಕೈ ತನ್ನಷ್ಟಕ್ಕೆ ಬರೆದುಬಿಟ್ಟಿತ್ತು. ಆ ಒಂದೇ ಅರ್ಜಿಯ ಮೇಲೆ ಹೋದ ಏಳು ಚಿತ್ರಗಳಿಗೂ, ಪ್ರಪಂಚ ಇರುವವರೆಗೂ, ಚಿತ್ರಕಾರಳು ಚಂದ್ರಿಕಾ.

"ಬದ್ಲ್ ಮಾಡು" ಎಂದೆ.

"ಆತಿಲ್ಲೆ ಅಕ್ಕ. ಬದಲಾಗುದಿಲ್ಲ ಅಂಬ್ದೇ ಇದರ ದೊಡ್ಡಸ್ತಿಕೆ ಅಲ್ದಾ?"

ಅವನೂ ಪಾಪ ಎಲ್ಲೆಲ್ಲಿಗೋ ಬರೆದ, ಯಾರ್ಯಾರನ್ನೋ ಕೇಳಿದ. ಆಗಲಿಲ್ಲ. ಬೇಕಿದ್ದರೆ ಮುಂದಿನ ಚಿತ್ರಕ್ಕೆ ಸರಿ ಹೆಸರು ಹಾಕಬಹುದು ಎಂದ. ಮಾನಪ್ಪನವರು ದಿನಾ ಬರುತ್ತಿದ್ದರು, ಎಂಟನೆಯದನ್ನು ಬರೆಯುತ್ತಿದ್ದರು. ನಾನು ಚಹಾ ಕೊಟ್ಟು ಕಣ್ಣು ತಪ್ಪಿಸಿ ಬರುತ್ತಿದ್ದೆ. ಹೀಗೆ ನಾಲ್ಕು ದಿನ. ಬರೆದದ್ದೆಲ್ಲ ಬಿಳಿಯ ಕೆಳಗೆ ಹೋಗಿತ್ತು, ಹೆಸರು ಇದೆ ಎಂಬ ಒಂದೇ ನಂಬಿಕೆಯ ಮೇಲೆ. ಆ ಹೆಸರನ್ನು ನುಂಗಿದವಳು ನಾನು. ಐದನೆಯ ದಿನ ತಡೆಯಲಾಗಲಿಲ್ಲ. ಎದುರು ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳುವಾಗ ಅತ್ತೆ ಕೂಡ.

ಅವರು ತುಂಬಾ ಹೊತ್ತು ಬ್ರಷ್ ಒರೆಸಿದರು. ಒರೆಸಲು ಅದರಲ್ಲಿ ಬಣ್ಣವೇನೂ ಉಳಿದಿರಲಿಲ್ಲ.

"ತಪ್ಪಾಗಿದ್ದೂ ಅಳಸ್ಲಾಕ ಬರಲ್ಲೇನ್ರಿ?"

"ಇಲ್ಲ ಮಾನಪ್ಪಣ್ಣ."

"ಭಾಳ ಗಟ್ಟಿ ಬಣ್ಣ ಬಿಡ್ರಿ" ಎಂದರು. ನಗಲು ನೋಡಿದರು, ಆಗಲಿಲ್ಲ. ಎದ್ದು ಹೋದರು. ಎರಡು ದಿನ ಬರಲಿಲ್ಲ. ಆ ಎರಡು ದಿನ ನಾನು ಗಲ್ಲಾದಲ್ಲಿ ಹೇಗೆ ಕುಳಿತಿದ್ದೆನೋ ನನಗೇ ಗೊತ್ತು.

ಮೂರನೇ ದಿನ ಸಂಜೆ ಬಂದರು. ಎಂಟನೇ ಚಿತ್ರ ಹಾಗೇ ಇತ್ತು. ದೈತ್ಯಪ್ರಾಣಿ ಜ್ವರದ ಮಗಳನ್ನು ಎತ್ತಿಕೊಂಡು ಮಳೆಯಲ್ಲಿ ಪಿಂಪ್ರಿಯ ಆಟೋ ಸ್ಟ್ಯಾಂಡಿನಲ್ಲಿ ನಿಂತಿದೆ, ಆಟೋದವರೆಲ್ಲ ಬೇರೆ ಕಡೆ ನೋಡುತ್ತಿದ್ದಾರೆ. ಫೋನ್ ಹಿಡಿದ ಹಸಿರು ಜೀವಿ ಇದರಲ್ಲಿ ಇರಲಿಲ್ಲ. ಹರೀಶ ಓಡಿ ಬಂದು, ಇದಕ್ಕೆ ನಿಮ್ಮದೇ ಹೆಸರು ಹಾಕಿ ಬಿಡುತ್ತೇನೆ ಎಂದು ಫೋನ್ ಎತ್ತಿದ. ಮಾನಪ್ಪನವರು ಅಂಗೈ ಅಡ್ಡ ಹಿಡಿದರು. "ಬ್ಯಾಡ್ರಿ ಸಾಹೇಬ್ರ. ಇದು ಇಲ್ಲೇ ಇರ್ಲಿ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಅಕ್ಕಾರ, ಒಂದ್ ಕಾಗದದ ಮ್ಯಾಲ ನನ್ನ ಹೆಸರು ಕನ್ನಡದಾಗ ಬರದು ಕೊಡ್ರಿ."

ಆಗಲೇ ನನಗೆ ಹೊಳೆದದ್ದು. ಇಷ್ಟು ವರ್ಷ ಪುಣೆಯ ಅಂಗಡಿಗಳಿಗೆಲ್ಲ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಹೆಸರು ಬರೆದ ಆ ಕೈಗೆ ಕನ್ನಡದ ಒಂದು ಅಕ್ಷರ ಬಾರದು. ಮನೆಯಲ್ಲಿ ಆಡುವ ಮಾತು ಬಾಯಲ್ಲೇ ಉಳಿದಿತ್ತು. ಮರಾಠಿಯಲ್ಲೇ ಬರೆಯಬಹುದಲ್ಲ ಎಂದ ಹರೀಶ. "ಮರಾಠಿದಾಗ ಊರ ಮಂದಿ ಹೆಸರೆಲ್ಲಾ ಬರದೀನ್ರಿ. ಇದು ಅವ್ವ ಇಟ್ಟ ಹೆಸರು. ಅಕಿ ಮಾತಿನಾಗ ಇರ್ಲಿ."

ನಾನು ಬಿಲ್ಲಿನ ಹಾಳೆಯ ಹಿಂದೆ ದುಂಡಗೆ ಬರೆದೆ: ಮಾನಪ್ಪ. ಅವರು ಅದನ್ನು ನಾಯಕನ ಫೋಟೋ ಹಿಡಿಯುವ ಹಾಗೆ ಹಿಡಿದು, ಸ್ಕೇಲಿಟ್ಟು ಹಾಳೆಯ ಮೇಲೆ ಚೌಕ ಎಳೆದರು, ತಗಡಿನ ಮೂಲೆಯಲ್ಲೂ ಚೌಕ ಎಳೆದರು. ಒಂದೊಂದು ಚೌಕವಾಗಿ, ಗೊತ್ತಿಲ್ಲದ ಊರಿನ ನಕ್ಷೆ ಇಳಿಸುವ ಹಾಗೆ, ತಮ್ಮ ಹೆಸರನ್ನು ಬರೆದರು. ಒಂದು ಗಂಟೆ ಹಿಡಿಯಿತು. ಮುಗಿದ ಮೇಲೆ ಹಿಂದೆ ಸರಿದು ತಲೆ ವಾರೆ ಮಾಡಿ ನೋಡಿದರು.

"ಚಂದ ಬಂದಿದೆ. ಮಾನಪ್ಪ" ಎಂದು ನಾನು ಓದಿದೆ.

"ನೀವು ಬರದು ಕೊಟ್ಟವ್ರು. ನೀವು ಓದೇ ಓದ್ತೀರಿ" ಎಂದರು. ಚುಚ್ಚಿ ಹೇಳಿದ್ದಲ್ಲ. ಆದರೂ ನನಗೆ ನಾಟಿತು. ಹೆಸರಿನ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಉಳಿದಿರಲಿಲ್ಲ, ಅದು ನ್ಯಾಯವೇ.

ಚಿತ್ರವನ್ನು ಕೈ ತೊಳೆಯುವ ಜಾಗದ ಪಕ್ಕದ ಗೋಡೆಗೆ ತೂಗಿಸಿದೆವು. ಅಷ್ಟರಲ್ಲಿ ಹೋಟೆಲಿನೊಳಗೆ ಜನ ಕೂರಲು ಪರವಾನಗಿ ಬಂದಿತ್ತು. ಮಾನಪ್ಪನವರು ಮರುದಿನ ಬೆಳಿಗ್ಗೆ ಏಳಕ್ಕೇ ಬಂದು ಮೂಲೆಯ ಮೇಜಿನಲ್ಲಿ ಒಂದು ಚಹಾ ಹಿಡಿದು ಕುಳಿತರು. ಬಂದವರೆಲ್ಲ ಚಿತ್ರ ನೋಡಿದರು, ನಕ್ಕರು, ಫ್ಯಾಕ್ಟರಿಯ ಹುಡುಗರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ಮೂಲೆಯ ಅಕ್ಷರಗಳನ್ನು ಯಾರೂ ಓದಲಿಲ್ಲ. ಓದಲು ಅವರಿಗೆ ಬರಬೇಕಲ್ಲ. ಅಡುಗೆಯವರು ನಮ್ಮ ಕಡೆಯವರೇ, ಅವರಿಂದ ಓದಿಸಲೇ ಎಂದೆ. "ಹೇಳಿ ಓದಿಸಬ್ಯಾಡ್ರಿ" ಎಂದರು. ಎರಡನೇ ದಿನವೂ ಹಾಗೇ. ಮೂರನೇ ದಿನವೂ. ಪಿಂಪ್ರಿಯಲ್ಲಿ ಕನ್ನಡ ಆಡುವವರು ಬೇಕಾದಷ್ಟಿದ್ದಾರೆ, ಓದುವವರು ಎಷ್ಟು ಕಡಿಮೆ ಎಂದು ನನಗೆ ಅರಿವಾದದ್ದು ಆ ದಿನಗಳಲ್ಲಿ. ಅವರಿಗೆ ಒಳಗೊಳಗೆ ಬಂದಿದ್ದ ಭಯವೂ ಅರ್ಥವಾಯಿತು. ತಾನು ಬರೆದದ್ದು ಹೆಸರೋ, ಬರೀ ಗೆರೆಗಳೋ?

ನಾಲ್ಕನೇ ದಿನ ಮಳೆ ಜೋರಾಗಿತ್ತು. ಎದುರಿನ ಕಟ್ಟಡದ ಕೆಲಸ ನಿಂತು ನಾಲ್ಕೈದು ಹೆಂಗಸರು ಒಳಗೆ ಬಂದರು, ತಲೆಯ ಮೇಲೆ ಪ್ಲಾಸ್ಟಿಕ್ ಚೀಲದ ಗೊಪ್ಪೆ. ಮಾತಿನಲ್ಲೇ ಕಲಬುರಗಿಯ ಕಡೆಯವರೆಂದು ತಿಳಿಯಿತು. ಅವರಲ್ಲಿ ಒಬ್ಬಾಕೆ, ಮೂವತ್ತರ ಒಳಗಿನವಳು, ಕೈ ತೊಳೆಯಲು ಹೋದವಳು ನಲ್ಲಿ ಬಿಟ್ಟುಕೊಂಡೇ ಚಿತ್ರ ನೋಡುತ್ತ ನಿಂತಳು.

"ಏ ಬರ್ರೇ ಇಲ್ಲಿ, ನೋಡ್ರಿ. ಪಾಪ, ಕೂಸಿಗೆ ಆರಾಮಿಲ್ಲ ಕಾಣ್ತದ" ಎಂದಳು. ಆಮೇಲೆ ಬಗ್ಗಿದಳು. ಶಾಲೆ ಬಿಟ್ಟು ಎಷ್ಟೋ ವರ್ಷವಾದವರು ಓದುವ ಹಾಗೆ, ಒದ್ದೆ ಬೆರಳನ್ನು ಅಕ್ಷರದ ಕೆಳಗೆ ಸರಿಸುತ್ತ ಓದಿದಳು.

"ಮಾ... ನ... ಪ್ಪ. ಮಾನಪ್ಪ." ನಲ್ಲಿ ನಿಲ್ಲಿಸಿ ನಮ್ಮ ಕಡೆ ತಿರುಗಿದಳು. "ಯಾರ್ರಿ ಇವ್ರು, ಮಾನಪ್ಪ ಅಂದ್ರ?"

ಮೂಲೆಯ ಮೇಜಿನಿಂದ ಮಾನಪ್ಪನವರು ಎದ್ದು ನಿಂತರು. ಶಾಲೆಯಲ್ಲಿ ಹಾಜರಿ ಕೂಗಿದಾಗ ಎದ್ದು ನಿಲ್ಲುತ್ತಾರಲ್ಲ, ಹಾಗೆ.

"ನಾನs ರೀ" ಎಂದರು.